ಕಾಟಿಯ ಹೊಟ್ಟೆಯಲ್ಲಿ ಯಾವ ಹುಳು? ಸಗಣಿಯಿಂದ ಡಿಎನ್‌ಎವರೆಗೆ ಒಂದು ಕೆಲಸದ ಲಾಗ್

ಜಂತುಹುಳುವಿನ ಮೊಟ್ಟೆ ನೋಡಿಯೇ ಜಾತಿ ಹೇಳುತ್ತೇನೆ ಎಂದು ಯಾರಾದರೂ ಹೇಳಿದರೆ, ಯಾವ ಗುಂಪಿನ ಮೊಟ್ಟೆ ಎಂದು ಮೊದಲು ಕೇಳಿ. ಟ್ರೈಕ್ಯುರಿಸ್ ಆದರೆ ಗುರುತು ಸುಲಭ, ಎರಡೂ ತುದಿಯಲ್ಲಿ ಬಿರಡೆ ಇರುತ್ತದೆ. ನೆಮಟೊಡೈರಸ್ ಕೂಡ ಗಾತ್ರದಲ್ಲೇ ಗೊತ್ತಾಗುತ್ತದೆ. ಆದರೆ ಮೆಲುಕು ಹಾಕುವ ಪ್ರಾಣಿಗಳ ಸಗಣಿಯಲ್ಲಿ ಜಾಸ್ತಿ ಸಿಗುವುದು ಸ್ಟ್ರಾಂಗೈಲ್ ಗುಂಪು. ಹೀಮೋಂಕಸ್, ಟ್ರೈಕೊಸ್ಟ್ರಾಂಗೈಲಸ್, ಕೂಪೇರಿಯ, ಈಸೊಫ್ಯಾಗೊಸ್ಟೋಮಮ್, ಎಲ್ಲದರ ಮೊಟ್ಟೆಯೂ ಹೆಚ್ಚುಕಮ್ಮಿ ಒಂದೇ ಥರ: ತೆಳು ಸಿಪ್ಪೆ, ಅಂಡಾಕಾರ, 70ರಿಂದ 100 ಮೈಕ್ರಾನ್ ಉದ್ದ, ಒಳಗೆ ಕೋಶಗಳ ಗುಂಪು. ಇದರಲ್ಲಿ ಹೀಮೋಂಕಸ್ ರಕ್ತ ಹೀರುತ್ತದೆ, ಕುರಿಯನ್ನು ಕೊಂದೇಬಿಡುತ್ತದೆ. ಉಳಿದ ಕೆಲವು ಹೊಟ್ಟೆಯಲ್ಲಿದ್ದರೂ ಪ್ರಾಣಿ ಆರಾಮಾಗಿಯೇ ಇರುತ್ತದೆ. ವರದಿಯಲ್ಲಿ ಮಾತ್ರ ಎಲ್ಲಕ್ಕೂ ‘ಸ್ಟ್ರಾಂಗೈಲ್ ಮೊಟ್ಟೆ ಇದೆ’ ಅನ್ನುವ ಒಂದೇ ಸಾಲು.

ಊರಿನ ದನದ ಮಟ್ಟಿಗೆ ಇದು ನಡೆಯುತ್ತದೆ. ಔಷಧಿ ಕುಡಿಸಿದರೆ ಮುಗಿಯಿತು. ಕಾಡುಪ್ರಾಣಿಗೆ ನಡೆಯುವುದಿಲ್ಲ. ಚಿಕ್ಕಮಗಳೂರು ಕಡೆಯ ಕಾಫಿ ತೋಟಗಳಲ್ಲಿ ಕಾಟಿ, ಅಂದರೆ ಕಾಡುಕೋಣ, ಬರುವುದು ಹೊಸದೇನಲ್ಲ, ಅದೇ ಕೆರೆಯ ದಂಡೆಯಲ್ಲಿ ಲೈನ್‌ಮನೆಯವರ ದನವೂ ಮೇಯುತ್ತದೆ. ನನ್ನ ಪ್ರಶ್ನೆ ಇಷ್ಟೇ: ಕಾಟಿಯ ಹೊಟ್ಟೆಯಲ್ಲಿರುವ ಹುಳು ದನದ ಹುಳುವೇ, ಅಥವಾ ಬೇರೆಯೇ? ದನದಿಂದ ಕಾಟಿಗೆ ರೋಗ ದಾಟಿದ್ದಕ್ಕೆ ನಮ್ಮಲ್ಲೇ ಕೆಟ್ಟ ಉದಾಹರಣೆ ಇದೆ. 1960ರ ದಶಕದ ಕೊನೆಯಲ್ಲಿ ಬಂಡೀಪುರ, ಮುದುಮಲೈ ಕಡೆ ರಿಂಡರ್‌ಪೆಸ್ಟ್ ಎಂಬ ದನಗಳ ಮಾರಕ ರೋಗ ಹರಡಿ ಕಾಟಿಗಳು ಗುಂಪುಗುಂಪಾಗಿ ಸತ್ತವು. ಅದು ವೈರಸ್, ಜಗತ್ತಿನಿಂದಲೇ ಹೋಯಿತು, 2011ರಲ್ಲಿ ಅಧಿಕೃತವಾಗಿ ಘೋಷಣೆಯೂ ಆಯಿತು. ಹುಳುಗಳು ಹಾಗೆ ಸದ್ದು ಮಾಡಿಕೊಂಡು ಬರುವುದಿಲ್ಲ, ಆದ್ದರಿಂದ ಯಾರೂ ಜಾಸ್ತಿ ಹುಡುಕಿಲ್ಲ. ವಿಜ್ಞಾನಿಗಳಾದ ಮಿಲಿಂದ್ ವಾಟ್ವೆ ಮತ್ತು ಆರ್. ಸುಕುಮಾರ್ ಮುದುಮಲೈನ ಸಸ್ತನಿಗಳ ಲದ್ದಿ, ಸಗಣಿ, ಹಿಕ್ಕೆಯಲ್ಲಿ ಹುಳುಗಳನ್ನು ಹುಡುಕಿ 1995ರಲ್ಲಿ ಪ್ರಕಟಿಸಿದ ಕೆಲಸ ನನಗೆ ದಾರಿ ತೋರಿಸಿದ್ದು. ಆಗ ಕೈಲಿದ್ದದ್ದು ಸೂಕ್ಷ್ಮದರ್ಶಕ. ಈಗ ಡಿಎನ್‌ಎ ಓದುವುದು ಸಣ್ಣ ಲ್ಯಾಬಿಗೂ ಎಟುಕುವ ಖರ್ಚಿಗೆ ಬಂದಿದೆ. ಹಾಗಾಗಿ ನಾನೂ, ನನ್ನ ಪಶುವೈದ್ಯ ಗೆಳೆಯನೂ ಸೇರಿ ಒಂದು ಕೋಣೆಯಲ್ಲಿ ಈ ವ್ಯವಸ್ಥೆ ಕಟ್ಟಿದೆವು. ಏನೇನು ಮಾಡಿದೆವು, ಎಲ್ಲಿ ತೊಡಕಾಯಿತು, ಎಲ್ಲ ಬರೆದಿಟ್ಟಿದ್ದೇನೆ, ಬೇರೆಯವರಿಗೂ ಉಪಯೋಗಕ್ಕೆ ಬರಲಿ.

ಸಗಣಿ ಹೆಕ್ಕುವುದು

ಮೊದಲು ಪತ್ರ. ಅಭಯಾರಣ್ಯದ ಒಳಗೆ ಸಂಶೋಧನೆಗೆ ಹೋಗಬೇಕಾದರೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 28ನೇ ಸೆಕ್ಷನ್ ಪ್ರಕಾರ ಅನುಮತಿ ಬೇಕು. ನಾವು ತೋಟದ ಒಳಗೇ ಉಳಿದೆವು. ಆದರೂ ಅರಣ್ಯ ಇಲಾಖೆಗೆ ಬರೆದು ಒಪ್ಪಿಗೆ ತೆಗೆದುಕೊಂಡೇ ಶುರು ಮಾಡಿದ್ದು. ಬರೀ ಸಗಣಿ ತಾನೇ ಎಂದು ಯಾರೂ ಹಾಗೇ ನುಗ್ಗಬೇಡಿ.

ಎರಡನೆಯದು ಉಣ್ಣೆ, ಅಂದರೆ ಮೈಗೆ ಕಚ್ಚಿ ರಕ್ತ ಹೀರುವ ಉಣ್ಣೆಹುಳು. ಮಲೆನಾಡಿನಲ್ಲಿ ಮಳೆ ನಿಂತ ಮೇಲೆ ಬೇಸಿಗೆ ಮುಗಿಯುವವರೆಗೆ ಮಂಗನ ಕಾಯಿಲೆಯ ಕಾಲ. ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಗೊತ್ತಾದ ಕಾಯಿಲೆ ಇದು, ಹರಡುವುದು ಉಣ್ಣೆಯಿಂದ. ಸಗಣಿ ಹೆಕ್ಕುವವರು ಬಗ್ಗಿ, ಮಂಡಿಯೂರಿ, ತರಗೆಲೆಯ ಮೇಲೆ ಕೂತು ಕೆಲಸ ಮಾಡುತ್ತಾರೆ, ಅಂದರೆ ಉಣ್ಣೆ ಇರುವ ಜಾಗದಲ್ಲೇ ಇರುತ್ತಾರೆ. ಉದ್ದ ತೋಳಿನ ಅಂಗಿ, ಪ್ಯಾಂಟನ್ನು ಸಾಕ್ಸ್ ಒಳಗೆ ತುರುಕುವುದು, ಉಣ್ಣೆ ಹತ್ತದಂತೆ ಹಚ್ಚಿಕೊಳ್ಳಲು ಆರೋಗ್ಯ ಇಲಾಖೆ ಕೊಡುವ ಡೇಪಾ ಎಣ್ಣೆ, ಬಂದ ಕೂಡಲೇ ಬಿಸಿನೀರಿನ ಸ್ನಾನ. ಇದರಲ್ಲಿ ರಾಜಿ ಇಲ್ಲ.

ತಾಜಾ ಸಗಣಿ ಬೇಕು, ಬೆಳಗಿನದ್ದು. ನೆಲಕ್ಕೆ ತಾಗಿದ ಭಾಗ ಬೇಡ, ಮೇಲಿನ ಮಧ್ಯಭಾಗದಿಂದ ತೆಗೆಯಬೇಕು, ಯಾಕೆಂದರೆ ಮಣ್ಣಿನಲ್ಲಿ ಸ್ವತಂತ್ರವಾಗಿ ಬದುಕುವ ದುಂಡುಹುಳುಗಳು (ಈ ಜಂತುಹುಳುಗಳ ಬಳಗದವೇ) ಗಂಟೆಗಳಲ್ಲೇ ಹತ್ತಿಕೊಳ್ಳುತ್ತವೆ, ಆಮೇಲೆ ಯಾವುದು ಹೊಟ್ಟೆಯದ್ದು, ಯಾವುದು ಮಣ್ಣಿನದ್ದು ಎಂದು ಬೇರ್ಪಡಿಸುವುದರಲ್ಲೇ ದಿನ ಕಳೆಯುತ್ತದೆ.

ಇಲ್ಲೇ ಒಂದು ದೊಡ್ಡ ತೊಡಕು. ಕಾಟಿ ಸಗಣಿ ಮತ್ತು ದನದ ಸಗಣಿ ನೋಡಲು ಒಂದೇ. ತೋಟದ ಹಿರಿಯ ಆಳು ಒಬ್ಬರು ನಮ್ಮ ಜೊತೆ ಬರುತ್ತಿದ್ದರು, ಅವರು ಸಗಣಿಯನ್ನು ನೋಡುತ್ತಲೇ ಇರಲಿಲ್ಲ, ಸುತ್ತ ನೋಡುತ್ತಿದ್ದರು. ‘ಹೆಜ್ಜೆ ನೋಡಿ ಸಾರ್, ಈ ಅಗಲಕ್ಕೆ ನಮ್ ದನ ಎಲ್ಲಿ ಬರ್ತದೆ? ಬೇಲಿ ಹೆಂಗೆ ಮಲಗಿದೆ ನೋಡಿ. ಇದು ಕಾಟೀದೇ.’ ಅವರ ಮಾತು ಸರಿಯೇ ಇರುತ್ತಿತ್ತು. ಆದರೂ ಡಿಎನ್‌ಎ ಪುರಾವೆ ಇರಲೇಬೇಕು ಎಂದು ತೀರ್ಮಾನಿಸಿದೆವು, ಇಡೀ ಪ್ರಶ್ನೆಯೇ ಕಾಟಿಯದ್ದೋ ದನದ್ದೋ ಅನ್ನುವುದಾದಾಗ ಇಲ್ಲಿ ಸಂಶಯ ಉಳಿದರೆ ಮುಂದಿನದ್ದೆಲ್ಲ ವ್ಯರ್ಥ ಅಲ್ವಾ. ಸಗಣಿ ಕರುಳಿನಿಂದ ಜಾರಿ ಬರುವಾಗ ಹೊರಮೈಗೆ ಪ್ರಾಣಿಯ ಕರುಳಿನ ಕೋಶಗಳು ಅಂಟಿಕೊಂಡಿರುತ್ತವೆ. ಆ ಹೊರಪದರವನ್ನು ಹತ್ತಿಕಡ್ಡಿಯಿಂದ ಸವರಿ, ಎಥೆನಾಲ್‌ನಲ್ಲಿ ಹಾಕಿಟ್ಟರೆ, ಮೈಟೊಕಾಂಡ್ರಿಯದ ಸೈಟೊಕ್ರೋಮ್ ಬಿ ಜೀನ್ ಓದಿ ಇದು ಬಾಸ್ ಗಾರಸ್ಸೋ (ಕಾಟಿಯ ವೈಜ್ಞಾನಿಕ ಹೆಸರು), ಊರ ದನವೋ ಹೇಳಬಹುದು. ಹೈದರಾಬಾದಿನ ಜೀವಕೋಶ ಸಂಶೋಧನಾ ಕೇಂದ್ರ ಸಿಸಿಎಂಬಿಯ ವರ್ಮ ಮತ್ತು ಸಿಂಗ್ 2003ರಲ್ಲಿ ಪ್ರಕಟಿಸಿದ, ಬಹುಪಾಲು ಪ್ರಾಣಿಗಳಿಗೆ ಹೊಂದುವ ಸೈಟೊಕ್ರೋಮ್ ಬಿ ಪ್ರೈಮರ್‌ಗಳು (ಬೇಕಾದ ಜೀನಿಗೆ ಅಂಟಿ ಅದರ ನಕಲು ಶುರು ಮಾಡಿಸುವ ಸಣ್ಣ ತುಣುಕುಗಳು) ಇದಕ್ಕೆ ಚೆನ್ನಾಗಿ ಬರುತ್ತವೆ. ಕಳ್ಳಬೇಟೆ ಮಾಂಸ ಪತ್ತೆ ಮಾಡುವಂಥ ಕೆಲಸಕ್ಕೆ ಹುಟ್ಟಿದ ವಿಧಾನ, ನಮಗೂ ಅಷ್ಟೇ ಉಪಕಾರಕ್ಕೆ ಬಂತು.

ಹೀಗೆ ಪ್ರತಿ ಸಗಣಿಯಿಂದ ಎರಡು ಭಾಗ: ಸವರಿದ ಕಡ್ಡಿ ಎಥೆನಾಲ್‌ಗೆ, ಉಳಿದದ್ದು ಜಿಪ್ ಕವರಿಗೆ, ಗಾಳಿ ಪೂರ್ತಿ ಹಿಂಡಿ ತೆಗೆದು. ಈ ಎರಡನೇ ಭಾಗವನ್ನು ಐಸ್‌ಬಾಕ್ಸಿಗೆ ಹಾಕಬೇಡಿ. ಎಲ್ಲರೂ ಹಾಕುತ್ತಾರೆ, ತಣ್ಣಗಿದ್ದರೆ ಒಳ್ಳೆಯದು ಅನ್ನುವ ಅಭ್ಯಾಸ. ಹೀಮೋಂಕಸ್ ಉಷ್ಣವಲಯದ ಹುಳು, 4 ಡಿಗ್ರಿಯಲ್ಲಿ ಕೆಲವು ದಿನ ಇಟ್ಟರೆ ಅದರ ಮೊಟ್ಟೆ ಸಾಯುತ್ತದೆ. ಬೇರೆ ಜಾತಿಗಳ ಮೊಟ್ಟೆ ಅಷ್ಟು ಬೇಗ ಸಾಯುವುದಿಲ್ಲ. ಅಂದರೆ ನೀವು ಹುಡುಕುತ್ತಿರುವ ಮುಖ್ಯ ಹುಳುವನ್ನೇ ಫ್ರಿಜ್ ತೆಗೆದುಹಾಕಿ, ‘ಇಲ್ಲಿ ಹೀಮೋಂಕಸ್ ಇಲ್ಲ’ ಅನ್ನುವ ಸುಳ್ಳು ಉತ್ತರ ಕೊಡುತ್ತದೆ. ಗಾಳಿ ಇಲ್ಲದಿದ್ದರೆ ಮೊಟ್ಟೆ ಒಡೆಯುವುದಿಲ್ಲ, ಅಷ್ಟು ಸಾಕು, ನೆರಳಿನಲ್ಲಿಟ್ಟು ತನ್ನಿ.

ಮೊಟ್ಟೆಯಿಂದ ಮರಿಹುಳು

ಮೊದಲು ಮೊಟ್ಟೆ ಇದೆಯೋ ಇಲ್ಲವೋ ನೋಡುವುದು. ಅಡುಗೆ ಉಪ್ಪನ್ನು ಇನ್ನು ಕರಗುವುದಿಲ್ಲ ಅನ್ನುವವರೆಗೆ ನೀರಿಗೆ ಹಾಕಿದರೆ ಸಾಪೇಕ್ಷ ಸಾಂದ್ರತೆ 1.2ರ ಹತ್ತಿರ ಬರುತ್ತದೆ, ಅದರಲ್ಲಿ ಸ್ಟ್ರಾಂಗೈಲ್ ಮೊಟ್ಟೆ ತೇಲುತ್ತದೆ. ಎಣಿಸಲೆಂದೇ ಗೆರೆ ಹಾಕಿದ ಮ್ಯಾಕ್‌ಮಾಸ್ಟರ್ ಗಾಜಿನಲ್ಲಿ ಎಣಿಸಿದರೆ ಗ್ರಾಂಗೆ ಎಷ್ಟು ಅನ್ನುವುದೂ ಸಿಗುತ್ತದೆ. ಇದೆಲ್ಲ ಪಶುವೈದ್ಯರಿಗೆ ನಿತ್ಯದ ಕೆಲಸ, ಜಾಸ್ತಿ ಬರೆಯುವುದಿಲ್ಲ.

ಮೊಟ್ಟೆಯಿಂದ ನೇರ ಡಿಎನ್‌ಎ ತೆಗೆಯಬಹುದು, ಆದರೆ ಸಗಣಿಯಲ್ಲಿರುವ ಹ್ಯೂಮಿಕ್ ವಸ್ತು, ಪಿತ್ತದ ಲವಣ ಇವೆಲ್ಲ ಪಿಸಿಆರ್ (ಡಿಎನ್‌ಎ ತುಣುಕನ್ನು ಲಕ್ಷಾಂತರ ನಕಲು ಮಾಡುವ ವಿಧಾನ) ಕಿಣ್ವವನ್ನು ಕಟ್ಟಿಹಾಕುತ್ತವೆ. ಮರಿಹುಳು ಮಾಡಿಕೊಂಡರೆ ತೊಳೆಯಬಹುದು, ಒಂದೊಂದಾಗಿ ಹೆಕ್ಕಬಹುದು. ಮೂರನೇ ಹಂತದ ಮರಿಹುಳು, ಅಂದರೆ ಲಾರ್ವಾ, ನಮಗೆ ಬೇಕಾದದ್ದು. ಹುಲ್ಲಿನ ತುದಿಗೆ ಹತ್ತಿ ಪ್ರಾಣಿಯ ಬಾಯಿ ಸೇರುವುದೂ ಅದೇ ಹಂತ.

ಕಾಟಿ ಸಗಣಿ ನೀರುನೀರು. ಹಾಗೇ ಇಟ್ಟರೆ ಗಾಳಿಯಾಡದೆ ಕೊಳೆಯುತ್ತದೆ. ತೆಂಗಿನ ನಾರಿನ ಪುಡಿ, ಅಂದರೆ ನರ್ಸರಿಯವರ ಕೊಕೊಪೀಟ್, ಬೆರೆಸಿದರೆ ಸರಿಯಾದ ಹದ ಬರುತ್ತದೆ: ಮುಷ್ಟಿಯಲ್ಲಿ ಹಿಡಿದರೆ ಉಂಡೆ ಕಟ್ಟಬೇಕು, ನೀರು ಜಿನುಗಬಾರದು. ಬೆರೆಸುವ ಮೊದಲು ಆ ಪುಡಿಯನ್ನು ಪ್ರೆಷರ್ ಕುಕ್ಕರಿನಲ್ಲಿ ಬೇಯಿಸಲೇಬೇಕು, ಇಲ್ಲದಿದ್ದರೆ ನರ್ಸರಿಯ ಮಣ್ಣುಹುಳುಗಳೂ ಲೆಕ್ಕಕ್ಕೆ ಸೇರುತ್ತವೆ. ಅದಕ್ಕೆಂದೇ ಬೇರೆ ಕುಕ್ಕರ್ ಇಟ್ಟುಕೊಳ್ಳಿ, ಮನೆಯದ್ದು ಬೇಡ. ಹಾರ್ಲಿಕ್ಸ್ ಬಾಟಲಿಯಂಥ ಅಗಲ ಬಾಯಿಯ ಗಾಜಿನ ಜಾರ್, ಮುಚ್ಚಳ ಸಡಿಲ, 25ರಿಂದ 27 ಡಿಗ್ರಿ, ವಾರದಿಂದ ಹತ್ತು ದಿನ. ಮಲೆನಾಡಿನ ಚಳಿಗೆ ಥರ್ಮೊಕೋಲ್ ಡಬ್ಬಿಯೊಳಗೆ ಒಂದು ಸಣ್ಣ ಬಲ್ಬು ಮತ್ತು ಎಲೆಕ್ಟ್ರಾನಿಕ್ ಥರ್ಮೊಸ್ಟ್ಯಾಟ್ ಹಾಕಿ ಅದೇ ಇನ್‌ಕ್ಯುಬೇಟರ್ ಎಂದುಕೊಂಡೆವು. ದಿನಕ್ಕೊಂದು ಸಲ ಮುಚ್ಚಳ ತೆಗೆದು ಗಾಳಿ ಕೊಡುವುದು, ಒಣಗಿದ್ದರೆ ನೀರು ಚಿಮುಕಿಸುವುದು.

ಆಮೇಲೆ ಬೇರ್ಮನ್, ಸಗಣಿಯಿಂದ ಲಾರ್ವಾ ಬೇರ್ಪಡಿಸುವ ಉಪಕರಣ. ಒಂದು ಆಲಿಕೆ, ಅದರ ಬುಡಕ್ಕೆ ರಬ್ಬರ್ ನಳಿಕೆ, ನಳಿಕೆಗೆ ಕ್ಲಿಪ್ಪು. ಆಲಿಕೆಯಲ್ಲಿ ಉಗುರುಬೆಚ್ಚಗಿನ ನೀರು, ಮೇಲೆ ತೆಳು ಬಟ್ಟೆಯಲ್ಲಿ ಕಟ್ಟಿದ ಸಗಣಿ, ನೀರಿಗೆ ತಾಗುವಂತೆ. ಲಾರ್ವಾಗಳು ಒದ್ದಾಡುತ್ತ ಬಟ್ಟೆಯಿಂದ ಹೊರಗೆ ಬರುತ್ತವೆ, ಆದರೆ ನೀರಿನಲ್ಲಿ ಮೇಲಕ್ಕೆ ಈಜಲು ಬರುವುದಿಲ್ಲ, ಕೆಳಗೆ ಇಳಿದು ನಳಿಕೆಯಲ್ಲಿ ಸೇರುತ್ತವೆ. ರಾತ್ರಿ ಇಟ್ಟು ಬೆಳಿಗ್ಗೆ ಕ್ಲಿಪ್ಪು ಸಡಿಲಿಸಿ ಮೊದಲ ಕೆಲವು ಹನಿ ಹಿಡಿದರೆ ಮುಗಿಯಿತು. ಇಡೀ ಕೆಲಸದಲ್ಲಿ ಎಂದೂ ಕೈಕೊಡದ ಉಪಕರಣ ಇದೊಂದೇ.

ಥರ್ಮೊಸೈಕ್ಲರ್ ರಿಪೇರಿ

ಥರ್ಮೊಸೈಕ್ಲರ್ ಅಂದರೆ ಟ್ಯೂಬುಗಳನ್ನು ಬಿಸಿ ಮಾಡಿ, ತಣ್ಣಗೆ ಮಾಡಿ ಪಿಸಿಆರ್ ನಡೆಸುವ ಯಂತ್ರ. ಹೊಸದು ನಮ್ಮ ಕೈಗೆ ಎಟುಕುವಂಥದ್ದಲ್ಲ. ಮುಚ್ಚಿಹೋದ ಒಂದು ಲ್ಯಾಬಿನ ಹರಾಜಿನಲ್ಲಿ ಹಳೆಯದೊಂದು ಸಿಕ್ಕಿತು. ಪವರ್ ಆನ್ ಆಗುತ್ತಿತ್ತು, ಟ್ಯೂಬ್ ಕೂರಿಸುವ ಲೋಹದ ಬ್ಲಾಕ್ ಬಿಸಿಯಾಗುತ್ತಿತ್ತು, ತಣ್ಣಗೂ ಆಗುತ್ತಿತ್ತು. ಎರಡು ದೋಷ: ಮುಚ್ಚಳ ಬಿಸಿಯಾಗುತ್ತಿರಲಿಲ್ಲ, ಬ್ಲಾಕಿನ ಒಂದು ಮೂಲೆ ಉಳಿದ ಕಡೆಗಿಂತ ಹಿಂದೆ ಬೀಳುತ್ತಿತ್ತು.

ಮುಚ್ಚಳ ಯಾಕೆ ಮುಖ್ಯ ಎಂದರೆ, ಟ್ಯೂಬಿನಲ್ಲಿರುವುದು 20 ಮೈಕ್ರೊಲೀಟರ್ ದ್ರಾವಣ. ಬ್ಲಾಕ್ 95 ಡಿಗ್ರಿಗೆ ಹೋದಾಗ ಮುಚ್ಚಳ ತಣ್ಣಗಿದ್ದರೆ ಆ ನೀರೆಲ್ಲ ಆವಿಯಾಗಿ ಟ್ಯೂಬಿನ ತಲೆಗೆ ಹೋಗಿ ಕೂರುತ್ತದೆ, ಕೆಳಗೆ ಉಳಿದದ್ದು ಗಟ್ಟಿ ಉಪ್ಪು. ಅದಕ್ಕೇ ಮುಚ್ಚಳವನ್ನು 105 ಡಿಗ್ರಿಯ ಹತ್ತಿರ ಇಡುತ್ತಾರೆ. ರಿಪೇರಿ ಆಗುವವರೆಗೆ ಪ್ರತಿ ಟ್ಯೂಬಿಗೆ ಒಂದು ಹನಿ ಮಿನರಲ್ ಆಯಿಲ್ ಹಾಕಿ ಓಡಿಸಬಹುದು, ಹಿಂದೆಲ್ಲ ಹಾಗೇ ಮಾಡುತ್ತಿದ್ದದ್ದು. ಆದರೆ ಎಣ್ಣೆಯ ಕೆಳಗಿನಿಂದ ದ್ರಾವಣ ಎಳೆದುಕೊಳ್ಳುವುದು ರೇಜಿಗೆ.

ಪ್ಲಗ್ ಕಿತ್ತು, ಸ್ವಲ್ಪ ಹೊತ್ತು ಬಿಟ್ಟು, ಮುಚ್ಚಳ ಬಿಚ್ಚಿದೆವು. ಮಲ್ಟಿಮೀಟರಿನಲ್ಲಿ ಹೀಟರ್ ಪ್ಯಾಡ್ ಸರಿಯಾಗಿಯೇ ಇತ್ತು, ಅದಕ್ಕೆ ಸಾಲಾಗಿ ಕೂರಿಸಿದ್ದ ಥರ್ಮಲ್ ಫ್ಯೂಸ್ (ಬಿಸಿ ಮಿತಿ ಮೀರಿದರೆ ಕರೆಂಟ್ ಕಡಿಯುವ ಭಾಗ) ಕಡಿದುಹೋಗಿತ್ತು. ಅದರ ಮೈಮೇಲೇ ಡಿಗ್ರಿ ಬರೆದಿರುತ್ತದೆ, ಅದೇ ಡಿಗ್ರಿಯದ್ದನ್ನೇ, ಅಷ್ಟೇ ಆಂಪಿಯರಿನದ್ದನ್ನೇ ತನ್ನಿ. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಸಿಗುತ್ತದೆ, ರೈಸ್ ಕುಕ್ಕರ್, ಇಸ್ತ್ರಿಪೆಟ್ಟಿಗೆಗಳಲ್ಲೂ ಇದೇ ಜಾತಿಯ ಫ್ಯೂಸು. ಇದನ್ನು ಸುಮ್ನೆ ಬೆಸುಗೆ ಹಾಕಲು ಹೋದರೆ ಬೆಸುಗೆಯ ಬಿಸಿಗೇ ಸುಟ್ಟುಹೋಗುತ್ತದೆ. ಕ್ರಿಂಪ್ ಮಾಡಿ, ಅಂದರೆ ಲೋಹದ ಸಣ್ಣ ಕೊಳವೆಯಲ್ಲಿ ತಂತಿಗಳನ್ನು ಸೇರಿಸಿ ಒತ್ತಿ. ಬೆಸುಗೆಯೇ ಆಗಬೇಕೆಂದರೆ ಫ್ಯೂಸಿಗೂ ಬೆಸುಗೆಗೂ ನಡುವೆ ತಂತಿಯನ್ನು ಇಕ್ಕಳದಲ್ಲಿ ಕಚ್ಚಿ ಹಿಡಿಯಿರಿ, ಬಿಸಿಯನ್ನು ಇಕ್ಕಳ ಹೀರಿಕೊಳ್ಳುತ್ತದೆ. ಫ್ಯೂಸನ್ನೇ ಬಿಟ್ಟು ನೇರ ತಂತಿ ಜೋಡಿಸುವವರೂ ಇದ್ದಾರೆ. ದಯವಿಟ್ಟು ಬೇಡ, ರಾತ್ರಿಯೆಲ್ಲ ಒಬ್ಬರೂ ಇಲ್ಲದ ಕೋಣೆಯಲ್ಲಿ ಓಡುವ ಯಂತ್ರ ಇದು.

ಮೂಲೆಯ ದೋಷ ಹುಡುಕಲು, ಬಿಸಿ ಅಳೆಯುವ ಕೆ ಟೈಪ್ ಥರ್ಮೊಕಪಲ್‌ನ ಸಣ್ಣ ತುದಿಯನ್ನು ಟ್ಯೂಬಿನ ಮುಚ್ಚಳಕ್ಕೆ ತೂತು ಮಾಡಿ ಒಳಗೆ ಇಳಿಸಿ, ಎಣ್ಣೆ ತುಂಬಿ, ಒಂದೊಂದು ಗುಳಿಯಲ್ಲೂ ಇಟ್ಟು ನೋಡಿದೆವು. ಪರದೆ 95 ಎನ್ನುತ್ತಿದ್ದಾಗ ಆ ಮೂಲೆ ಅಲ್ಲಿಗೆ ಮುಟ್ಟುತ್ತಲೇ ಇರಲಿಲ್ಲ. ಬ್ಲಾಕ್ ಎತ್ತಿ ನೋಡಿದರೆ, ಬ್ಲಾಕನ್ನು ಬಿಸಿ, ತಣ್ಣಗೆ ಮಾಡುವ ಪೆಲ್ಟಿಯರ್ ತುಂಡುಗಳ ಮೇಲಿನ ಥರ್ಮಲ್ ಪೇಸ್ಟ್ ಒಣಗಿ ಬಿಳಿ ಪುಡಿಯಾಗಿ ಉದುರುತ್ತಿತ್ತು, ಆ ಮೂಲೆಯ ಸ್ಕ್ರೂ ಸಡಿಲ ಬೇರೆ. ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ಎರಡೂ ಮೈ ಒರೆಸಿ, ಹೊಸ ಪೇಸ್ಟ್ ತೆಳ್ಳಗೆ ಹಚ್ಚಿ, ಸ್ಕ್ರೂಗಳನ್ನು ಎದುರುಬದುರಾಗಿ ಸ್ವಲ್ಪ ಸ್ವಲ್ಪವೇ ಬಿಗಿದೆವು. ಒಂದೇ ಕಡೆ ಬಿಗಿದರೆ ಪೆಲ್ಟಿಯರ್ ಬಿರುಕು ಬಿಡುತ್ತದೆ, ಅದು ಸೆರಾಮಿಕ್. ಒಂದೇ ಮಿಶ್ರಣವನ್ನು ನಾಲ್ಕು ಮೂಲೆಯಲ್ಲೂ ನಡುವೆಯೂ ಇಟ್ಟು ಪಿಸಿಆರ್ ಓಡಿಸಿದಾಗ ಜೆಲ್ಲಿನಲ್ಲಿ ಎಲ್ಲದಕ್ಕೂ ಒಂದೇ ದಪ್ಪದ ಬ್ಯಾಂಡ್ (ನಕಲಾದ ಡಿಎನ್‌ಎಯ ಗೆರೆ) ಬಂತು. ಥರ್ಮೊಮೀಟರಿಗಿಂತ ಈ ಪರೀಕ್ಷೆಯ ಮೇಲೆ ನನಗೆ ನಂಬಿಕೆ.

ಒಂದೊಂದೇ ಲಾರ್ವಾ

ಬೇರ್ಮನ್ ನೀರನ್ನು ಗಡಿಯಾರದ ಗಾಜಿಗೆ ಸುರಿದು ಸ್ಟೀರಿಯೊ ಸೂಕ್ಷ್ಮದರ್ಶಕದ ಕೆಳಗಿಟ್ಟರೆ ಮೊದಲು ಕಾಣುವುದು ಬರೀ ಚಲನೆ. ಕೂದಲಿನ ತುಣುಕುಗಳು ಎಂಟರ ಆಕಾರಕ್ಕೆ ತಿರುಚಿಕೊಳ್ಳುತ್ತ, ಬಿಚ್ಚಿಕೊಳ್ಳುತ್ತ ಇರುತ್ತವೆ. ಒಂದು ಹನಿ ಅಯೋಡಿನ್ ಬಿಟ್ಟು ಸ್ಲೈಡಿನಲ್ಲಿ ನೋಡಿದರೆ ಅವು ನಿಲ್ಲುತ್ತವೆ, ಆಗ ವಿವರ ಕಾಣುತ್ತದೆ. ಎರಡನೇ ಹಂತದ ಹಳೆ ಚರ್ಮವನ್ನು ಲಾರ್ವಾ ಕಳಚದೆ ಹಾಗೇ ಉಳಿಸಿಕೊಂಡಿರುತ್ತದೆ, ಅದೇ ಪೊರೆ. ಬಾಲದ ಆಚೆ ಈ ಪೊರೆ ಎಷ್ಟು ಉದ್ದ ಚಾಚಿದೆ ನೋಡಿ. ಈಸೊಫ್ಯಾಗೊಸ್ಟೋಮಮ್‌ಗೆ ನೂಲಿನಂತೆ ಉದ್ದ, ಟ್ರೈಕೊಸ್ಟ್ರಾಂಗೈಲಸ್‌ಗೆ ಮೊಂಡು, ಹೀಮೋಂಕಸ್‌ಗೆ ನಡುಮಧ್ಯ. ಕೂಪೇರಿಯಕ್ಕೆ ತಲೆಯ ಬಳಿ ಹೊಳೆಯುವ ಎರಡು ಚುಕ್ಕಿ. ಮಣ್ಣಿನ ಹುಳುಗಳಿಗೆ ಪೊರೆಯೇ ಇರುವುದಿಲ್ಲ, ಅಯೋಡಿನ್ ಬೇಗ ಹತ್ತುತ್ತದೆ. ಡಿಎನ್‌ಎ ಮಾಡುತ್ತೇವೆ ಎಂದು ಇದನ್ನು ಬಿಡಬೇಡಿ. ಕಣ್ಣಿಗೆ ಕಂಡದ್ದೂ ಡಿಎನ್‌ಎ ಹೇಳಿದ್ದೂ ಹೊಂದದಿದ್ದರೆ ಎಲ್ಲೋ ಟ್ಯೂಬ್ ಅದಲುಬದಲಾಗಿದೆ ಎಂದು ತಿಳಿಯುವುದು ಇದರಿಂದಲೇ.

ಹೆಕ್ಕಲು ಬೇಕಾದ್ದು ಒಂದು ರೆಪ್ಪೆಗೂದಲು. ಹಲ್ಲುಕಡ್ಡಿಯ ತುದಿಗೆ ಅಂಟಿಸಿ, ಆಲ್ಕೊಹಾಲಿನಲ್ಲಿ ಅದ್ದಿ ಒಣಗಿಸಿ. ಲೋಹದ ಸೂಜಿ ಲಾರ್ವಾವನ್ನು ಚುಚ್ಚುತ್ತದೆ, ರೆಪ್ಪೆಗೂದಲು ಬಾಗುತ್ತದೆ. ಅದರಿಂದ ಲಾರ್ವಾವನ್ನು ಗುಂಪಿನಿಂದ ಬದಿಗೆ ತಳ್ಳಿ, ಪಿಪೆಟ್ಟಿನಲ್ಲಿ ಒಂದೆರಡು ಮೈಕ್ರೊಲೀಟರ್ ನೀರಿನ ಜೊತೆ ಎಳೆದು, ಶುದ್ಧ ನೀರಿನ ಹನಿಗೆ, ಅಲ್ಲಿಂದ ಇನ್ನೊಂದು ಹನಿಗೆ. ಟ್ಯೂಬಿಗೆ ಬಿಟ್ಟ ಮೇಲೆ ಪಿಪೆಟ್ ತುದಿಯನ್ನು ಮತ್ತೆ ಸೂಕ್ಷ್ಮದರ್ಶಕದ ಕೆಳಗೆ ನೋಡಬೇಕು, ಲಾರ್ವಾ ಒಳಗೋಡೆಗೆ ಅಂಟಿಕೊಂಡು ಉಳಿಯುವುದು ತುಂಬಾ ಸಾಮಾನ್ಯ. ತುದಿಯನ್ನು ಮೊದಲೇ ಟ್ವೀನ್ (ಸೋಪಿನಂಥ ದ್ರವ) ಬೆರೆಸಿದ ನೀರಿನಲ್ಲಿ ಎಳೆದು ಬಿಟ್ಟರೆ ಅಂಟುವುದು ಕಡಿಮೆ.

ಆ ಎರಡು ಪದರದ ಚರ್ಮ ಗಟ್ಟಿ. ನೇರ ಪ್ರೊಟೀನೇಸ್ ಕೆ (ಪ್ರೊಟೀನ್ ಕರಗಿಸುವ ಕಿಣ್ವ) ಹಾಕಿದರೆ ಎಷ್ಟೋ ಲಾರ್ವಾ ಹಾಗೇ ಮಲಗಿರುತ್ತವೆ. ಬಟ್ಟೆಗೆ ಹಾಕುವ ಬ್ಲೀಚನ್ನು ಚೆನ್ನಾಗಿ ತೆಳು ಮಾಡಿ ಕೆಲವು ನಿಮಿಷ ಬಿಟ್ಟರೆ ಹೊರಪೊರೆ ಕಳಚುತ್ತದೆ, ಸೂಕ್ಷ್ಮದರ್ಶಕದಲ್ಲಿ ನೋಡುತ್ತಲೇ ಇರಬೇಕು, ಕಳಚಿದ ತಕ್ಷಣ ತೊಳೆಯಬೇಕು. ಬ್ಲೀಚ್ ಉಳಿದರೆ ಡಿಎನ್‌ಎಯನ್ನೇ ತಿನ್ನುತ್ತದೆ. ಆಮೇಲೆ ಒಂದೆರಡು ಸಲ ಹೆಪ್ಪುಗಟ್ಟಿಸಿ ಕರಗಿಸುವುದು, ಪ್ರೊಟೀನೇಸ್ ಕೆ ಇರುವ ಬಫರಿನಲ್ಲಿ 56 ಡಿಗ್ರಿಯಲ್ಲಿ ರಾತ್ರಿಯೆಲ್ಲ, ಬೆಳಿಗ್ಗೆ 95 ಡಿಗ್ರಿಯಲ್ಲಿ ಕಾಲು ಗಂಟೆ ಇಟ್ಟು ಆ ಕಿಣ್ವವನ್ನು ಸಾಯಿಸುವುದು. ಕಿಟ್ ಬೇಕಿಲ್ಲ, ಇಷ್ಟರಿಂದಲೇ ಪಿಸಿಆರ್‌ಗೆ ಸಾಕಾಗುವಷ್ಟು ಡಿಎನ್‌ಎ ಬರುತ್ತದೆ.

ಪಿಸಿಆರ್, ಜೆಲ್, ಮತ್ತು ಮೈಸೂರಿನ ಕುದುರೆ

ಓದುವ ತುಣುಕು ಐಟಿಎಸ್-2. ರೈಬೊಸೋಮ್ ಜೀನ್‌ಗಳ ನಡುವಿನ ತುಂಡು ಇದು. ಎರಡೂ ಪಕ್ಕದ ಜೀನ್‌ಗಳು ಎಲ್ಲ ಹುಳುಗಳಲ್ಲೂ ಹೆಚ್ಚುಕಮ್ಮಿ ಒಂದೇ, ಆದ್ದರಿಂದ ಒಂದೇ ಜೋಡಿ ಪ್ರೈಮರ್ ಎಲ್ಲದಕ್ಕೂ ಹಿಡಿಯುತ್ತದೆ. ನಡುವಿನ ತುಂಡು ಮಾತ್ರ ಜಾತಿಯಿಂದ ಜಾತಿಗೆ ಬದಲಾಗುತ್ತದೆ. ರಾಬಿನ್ ಗ್ಯಾಸರ್ ಮತ್ತು ಜೊತೆಯವರು 1993ರಲ್ಲಿ ಪ್ರಕಟಿಸಿದ ಎನ್‌ಸಿ1, ಎನ್‌ಸಿ2 ಪ್ರೈಮರ್‌ಗಳನ್ನೇ ಇಂದಿಗೂ ಜಗತ್ತೆಲ್ಲ ಬಳಸುತ್ತದೆ. ಪ್ರಾಣಿಗಳ ಬಾರ್‌ಕೋಡ್ ಎಂದು ಹೆಸರಾದ ಸಿಒಐ ಜೀನ್ ದುಂಡುಹುಳುಗಳಲ್ಲಿ ಸಾಮಾನ್ಯ ಪ್ರೈಮರ್‌ಗಳಿಗೆ ಸರಿಯಾಗಿ ಸಿಗುವುದಿಲ್ಲ, 18ಎಸ್ ಎಂಬ ರೈಬೊಸೋಮ್ ಜೀನ್ ಹತ್ತಿರದ ಜಾತಿಗಳನ್ನು ಬಿಡಿಸಿ ಹೇಳುವುದಿಲ್ಲ.

ಪಿಸಿಆರ್ ಸರಿಯಾಗಿ ನಡೆಯಿತು ಎಂದು ತಿಳಿಯಲು ಒಂದು ಗೊತ್ತಿರುವ ಹುಳುವಿನ ಡಿಎನ್‌ಎಯನ್ನು ಕಂಟ್ರೋಲ್ ಆಗಿ ಜೊತೆಗೆ ಓಡಿಸಬೇಕು. ಸುಲಭವಾಗಿ ಸಿಗುವುದು ಕುರಿಯ ಹೀಮೋಂಕಸ್. ಮಟನ್ ಅಂಗಡಿಯಲ್ಲಿ ಕುರಿಯ ನಾಲ್ಕನೇ ಹೊಟ್ಟೆ ಸೀಳಿದರೆ ಹೆಣ್ಣುಹುಳುಗಳು ಕಣ್ಣಿಗೇ ಕಾಣುತ್ತವೆ: ಎರಡು ಮೂರು ಸೆಂಟಿಮೀಟರ್ ಉದ್ದ, ರಕ್ತ ತುಂಬಿದ ಕೆಂಪು ಕರುಳು, ಅದಕ್ಕೆ ಸುತ್ತಿಕೊಂಡ ಬಿಳಿ ಅಂಡಾಶಯ. ಆದರೆ ಕಾಟಿಯಲ್ಲಿ ಹುಡುಕುತ್ತಿರುವುದೂ ಹೀಮೋಂಕಸ್ಸೇ. ನಾಳೆ ಕಾಟಿ ಮಾದರಿಯಲ್ಲಿ ಹೀಮೋಂಕಸ್ ಬಂದರೆ ಅದು ಕಾಟಿಯದ್ದೋ, ಕುರಿಯ ಟ್ಯೂಬಿನಿಂದ ಹಾರಿಬಂದದ್ದೋ ಎಂದು ಯಾರಾದರೂ ಕೇಳಿದರೆ ಉತ್ತರ ಇರಬೇಕು. ಹಾಗಾಗಿ ಮೈಸೂರಿನ ಟಾಂಗಾ ಕುದುರೆಯ ಲದ್ದಿಯಿಂದ ಲಾರ್ವಾ ಬೆಳೆಸಿ ಅದನ್ನು ಕಂಟ್ರೋಲ್ ಮಾಡಿಕೊಂಡೆವು. ಕುದುರೆಗೇ ಮೀಸಲಾದ ಸ್ಟ್ರಾಂಗೈಲ್ ಕಾಟಿಯಲ್ಲಿ ಬದುಕುವುದಿಲ್ಲ. ಕಾಟಿ ಟ್ಯೂಬಿನಲ್ಲಿ ಅಂಥ ಕುದುರೆ ಹುಳು ಬಂತೆಂದರೆ ಅದು ಬೆರಕೆ ಎಂದು ನೇರ ಗೊತ್ತಾಗುತ್ತದೆ. ಕುರಿ ಹುಳುವಿನ ಡಿಎನ್‌ಎ ತೆಗೆದದ್ದು ಎಲ್ಲ ಮುಗಿದ ಮೇಲೆ, ಹೋಲಿಕೆಗೆ ಮಾತ್ರ. ಪಿಸಿಆರ್ ಮಿಶ್ರಣ ಮಾಡುವುದು ಒಂದು ಕೋಣೆ, ಜೆಲ್ ಓಡಿಸುವುದು ಇನ್ನೊಂದು, ಪಿಪೆಟ್ ಒಂದರಿಂದ ಇನ್ನೊಂದಕ್ಕೆ ಹೋಗಬಾರದು. ಬರೀ ನೀರಿನ ಟ್ಯೂಬ್ ಪ್ರತಿ ಸಲವೂ ಇರಬೇಕು, ಅದರಲ್ಲಿ ಬ್ಯಾಂಡ್ ಬಂದರೆ ಬೆರಕೆಯಾಗಿದೆ ಎಂದರ್ಥ.

ಕೆಲವು ಮಾದರಿ ಮೊದಲು ಹಿಡಿಯಲೇ ಇಲ್ಲ. ಡಿಎನ್‌ಎಯನ್ನು ಹತ್ತು ಪಟ್ಟು ತೆಳು ಮಾಡಿ, ಬಿಎಸ್‌ಎ (ಕಲ್ಮಶವನ್ನು ಹಿಡಿದಿಡುವ ಪ್ರೊಟೀನ್) ಸೇರಿಸಿದಾಗ ಬಂತು. ಅಂದರೆ ಡಿಎನ್‌ಎ ಕಡಿಮೆ ಇರಲಿಲ್ಲ, ಸಗಣಿಯ ಕಲ್ಮಶ ಅಡ್ಡ ಬರುತ್ತಿತ್ತು.

ಡಿಎನ್‌ಎ ತುಣುಕುಗಳನ್ನು ಉದ್ದದ ಪ್ರಕಾರ ಬೇರ್ಪಡಿಸುವುದು ಜೆಲ್. ಅದನ್ನು ನೋಡಲು ಯುವಿ ಬೇಡ ಎಂದು 470 ನ್ಯಾನೊಮೀಟರಿನ ನೀಲಿ ಎಲ್‌ಇಡಿ ಪಟ್ಟಿ ಡಬ್ಬಿಯೊಳಗೆ ಅಂಟಿಸಿ, ಮೇಲೆ ಹಾಲುಬಣ್ಣದ ಅಕ್ರಿಲಿಕ್, ಅದರ ಮೇಲೆ ಜೆಲ್, ಕಣ್ಣಿಗೂ ಜೆಲ್ಲಿಗೂ ನಡುವೆ ಸೈನ್‌ಬೋರ್ಡ್ ಅಂಗಡಿಯ ಕಿತ್ತಳೆ ಅಕ್ರಿಲಿಕ್ ಇಟ್ಟೆವು. ಡಿಎನ್‌ಎ ಹೊಳೆಯುವಂತೆ ಮಾಡುವ ಬಣ್ಣ ಎಥಿಡಿಯಂ ಬ್ರೊಮೈಡ್ ಬದಲು ಸೈಬರ್ ಸೇಫ್. ನೀಲಿ ಬೆಳಕು ಡಿಎನ್‌ಎಗೂ ಕಣ್ಣಿಗೂ ಯುವಿಯಷ್ಟು ಹಾನಿ ಮಾಡುವುದಿಲ್ಲ. ಕಿತ್ತಳೆ ಹಾಳೆ ತರುವಾಗ ನೀಲಿ ಎಲ್‌ಇಡಿ ಜೊತೆಗೇ ಒಯ್ಯಿರಿ, ಹಾಳೆಯ ಮೂಲಕ ನೋಡಿದಾಗ ದೀಪ ಕಪ್ಪಾಗಿ ಕಾಣಬೇಕು. 2 ಶೇಕಡಾ ಅಗರೋಸ್ ಜೆಲ್ಲಿನಲ್ಲಿ ಕಾಟಿ ಲಾರ್ವಾಗಳ ಬ್ಯಾಂಡ್, ಪಕ್ಕದ ಜೀನ್‌ಗಳ ಅಂಚೂ ಸೇರಿ, 300 ದಾಟಿ 400 ಡಿಎನ್‌ಎ ಅಕ್ಷರದ ಕೆಳಗೆ ಹಸಿರಾಗಿ ಕಂಡಿತು, ನೀರಿನ ಸಾಲು ಖಾಲಿ.

ಅಕ್ಷರ ಓದುವುದು

ಡಿಎನ್‌ಎಯ ಅಕ್ಷರಗಳನ್ನು ಸಾಲಾಗಿ ಓದುವ ಸ್ಯಾಂಗರ್ ಸೀಕ್ವೆನ್ಸಿಂಗ್ ಬೆಂಗಳೂರಿನಲ್ಲೇ ಆಗುತ್ತದೆ, ಕೊರಿಯರ್ ಮಾಡಿದರೆ ಸಾಕು. ಫೈಲ್ ಬಂದ ಕೂಡಲೇ ಎಲ್ಲರೂ ಬ್ಲಾಸ್ಟ್‌ಗೆ, ಅಂದರೆ ಹಳೆಯ ದಾಖಲೆಗಳ ಜೊತೆ ಹೋಲಿಸುವ ತಂತ್ರಾಂಶಕ್ಕೆ, ಹಾಕುತ್ತಾರೆ. ಅದಕ್ಕೆ ಮೊದಲು ಕ್ರೊಮಟೊಗ್ರಾಮ್ (ಪ್ರತಿ ಅಕ್ಷರವೂ ಒಂದು ಶಿಖರವಾಗಿ ಕಾಣುವ ಗ್ರಾಫ್) ತೆರೆದು ಒಂದೊಂದು ಶಿಖರವನ್ನೂ ನೋಡಬೇಕು.

ಯಾಕೆಂದರೆ ಇಲ್ಲಿ ವ್ಯತ್ಯಾಸ ತುಂಬಾ ಸಣ್ಣದು. ಕುರಿ, ಆಡಿನ ಹೀಮೋಂಕಸ್ ಕಂಟಾರ್ಟಸ್, ದನದ ಹೀಮೋಂಕಸ್ ಪ್ಲೇಸೈ, ಇವೆರಡರ ಐಟಿಎಸ್-2 ತಲಾ 231 ಅಕ್ಷರ, ಅದರಲ್ಲಿ ಬೇರೆ ಇರುವುದು ಮೂರೇ ಮೂರು: 24, 205, 219ನೇ ಜಾಗ. ಬ್ಲಾಸ್ಟ್ 99 ಶೇಕಡಾ ಎಂದು ಎರಡನ್ನೂ ಮೇಲೆ ತೋರಿಸುತ್ತದೆ, ಮೊದಲ ಸಾಲಿನಲ್ಲಿ ಯಾವುದು ಬಂತೋ ಅದನ್ನೇ ಬರೆದುಕೊಂಡರೆ ಉತ್ತರ ಅದೃಷ್ಟದ ಮೇಲೆ ನಿಂತಂತೆ. ಜೆನ್‌ಬ್ಯಾಂಕ್ ಎಂಬ ಸಾರ್ವಜನಿಕ ಡಿಎನ್‌ಎ ಸಂಗ್ರಹದಲ್ಲಿ ಹೆಸರು ತಪ್ಪಾಗಿ ಸೇರಿಸಿದ ದಾಖಲೆಗಳೂ ಇವೆ. ಮೂರು ಜಾಗವನ್ನೂ ಕಣ್ಣಾರೆ ನೋಡಿ ಬರೆದುಕೊಳ್ಳಬೇಕು. ಒಂದೇ ಲಾರ್ವಾದಲ್ಲಿ ಈ ಮೂರೂ ಜಾಗದಲ್ಲಿ ಎರಡೆರಡು ಶಿಖರ ಕಂಡರೆ ಎರಡು ಲಾರ್ವಾ ಸೇರಿರಬಹುದು, ಇಲ್ಲವೇ ಅದು ಅಡ್ಡತಳಿ ಇರಬಹುದು. ಈ ಎರಡು ಜಾತಿ ಹೊರಗೆ ಹೊಲದಲ್ಲೂ ಕೂಡಿ ಮರಿ ಮಾಡುತ್ತವೆ ಎಂದು 2015ರಲ್ಲಿ ಪ್ರಕಟವಾದ ಕೆಲಸ ತೋರಿಸಿದೆ.

ನಮ್ಮ ಕಾಟಿ ಲಾರ್ವಾಗಳಲ್ಲಿ ಹೀಮೋಂಕಸ್ ಆಗಿದ್ದವು ಮೂರೂ ಜಾಗದಲ್ಲಿ ಪ್ಲೇಸೈ ಅಕ್ಷರವನ್ನೇ ತೋರಿಸಿದವು. ಅದೇ ತೋಟದ ದನದಿಂದ ಬಂದವೂ ಹಾಗೇ. ಕುರಿಯದ್ದು ಬೇರೆ. ಕೆಲವು ಕೂಪೇರಿಯ. ಇನ್ನೊಂದು ಲಾರ್ವಾ ಯಾವುದಕ್ಕೂ ಹತ್ತಿರ ಬರಲಿಲ್ಲ, ಕುಟುಂಬದ ಮಟ್ಟಕ್ಕೆ ನಿಂತಿತು. ಅದಕ್ಕೆ ಹೆಸರು ಕೊಡದೆ ನಂಬರ್ ಬರೆದು ಇಟ್ಟಿದ್ದೇನೆ. ಹತ್ತಿರದ್ದೊಂದು ಹೆಸರು ಹಚ್ಚುವುದು ಸುಲಭ, ಆದರೆ ಅದನ್ನು ನಂಬಿ ಮುಂದಿನವರು ಕೆಲಸ ಮಾಡುತ್ತಾರೆ.

ಐಟಿಎಸ್-2 ಒಂದೇ ಆದ ಮಾತ್ರಕ್ಕೆ ದನದಿಂದ ಕಾಟಿಗೆ ದಾಟಿದೆ ಎಂದು ಹೇಳಲಾಗುವುದಿಲ್ಲ. ಜಾತಿ ಒಂದೇ ಅನ್ನುವುದಷ್ಟೇ ಅದರ ಅರ್ಥ. ಈ ಎರಡು ಗುಂಪಿನ ಹುಳುಗಳ ನಡುವೆ ಹೋಗಿ ಬರುವುದು ನಡೆದಿದೆಯೋ ಎಂದು ತಿಳಿಯಲು ಬೇಗ ಬದಲಾಗುವ ಗುರುತು ಬೇಕು, ಮೈಟೊಕಾಂಡ್ರಿಯದ ಎನ್‌ಎಡಿ4 ಜೀನ್ ಅದಕ್ಕೆ ಸರಿ. ಜೊತೆಗೆ ಬೀಟಾ ಟ್ಯೂಬುಲಿನ್ ಜೀನ್. ಜಂತುಹುಳು ಔಷಧಿ ಆಲ್ಬೆಂಡಜೋಲ್ ನಾಟದ ಹುಳುಗಳಲ್ಲಿ ಆ ಜೀನಿನ 167, 198, 200ನೇ ಜಾಗದಲ್ಲಿ ಬದಲಾವಣೆ ಇರುತ್ತದೆ. ಕಾಟಿಗೆ ಯಾರೂ ಔಷಧಿ ಕುಡಿಸುವುದಿಲ್ಲ. ಅದರ ಹುಳುವಿನಲ್ಲಿ ಆ ಬದಲಾವಣೆ ಸಿಕ್ಕಿದರೆ ಅದು ಔಷಧಿ ಕುಡಿದ ದನದ ಕಡೆಯಿಂದ ಬಂದಿರುವ ಸಾಧ್ಯತೆಯೇ ಜಾಸ್ತಿ. ಸಿಗದಿದ್ದರೆ, ಔಷಧಿಗೆ ಇನ್ನೂ ಬಗ್ಗುವ ಹುಳುಗಳು ಕಾಟಿಯಲ್ಲಿ ಉಳಿದಿವೆ ಎಂದಾಯಿತು, ಅದು ದನ ಸಾಕುವವರಿಗೂ ಒಳ್ಳೆಯ ಸುದ್ದಿ. ಆ ಪ್ರೈಮರ್‌ಗಳಿಗೆ ಆರ್ಡರ್ ಹಾಕಿದ್ದೇವೆ.

ಸಾವಿರಾರು ಲಾರ್ವಾಗಳನ್ನು ಒಟ್ಟಿಗೆ ಓದುವ ನೆಮಬಯೋಮ್ ವಿಧಾನ 2015ರಿಂದ ಇದೆ, ಕೆನಡಾದ ಕ್ಯಾಲ್ಗರಿಯವರು ದನದ ಹುಳುಗಳಿಗೆಂದು ಮಾಡಿದ್ದು. ಮುಂದೆ ಮಾಡಬೇಕೆಂಬ ಆಸೆ ಇದೆ. ಆದರೆ ಅದು ಹೆಸರು ಹೇಳಬೇಕಾದರೆ ಹೋಲಿಸಲು ಹೆಸರಿರುವ ಅಕ್ಷರಸಾಲು ಬೇಕು, ಕಾಡುಪ್ರಾಣಿಗಳ ಹುಳುಗಳಿಗೆ ಅದೇ ಕೊರತೆ. ಕಾಟಿ ಬಿಡಿ, ಏಷ್ಯಾದ ಆನೆಯ ಹೊಟ್ಟೆಹುಳುಗಳಾದ ಮರ್ಶಿಡಿಯ, ಕ್ವಿಲೋನಿಯ, ಡೆಕ್ರೂಸಿಯ ಇವುಗಳನ್ನು ಆಕಾರ ನೋಡಿ ನೂರು ವರ್ಷದಿಂದ ವಿವರಿಸಿದ್ದಾರೆ, ಅವುಗಳ ಡಿಎನ್‌ಎ ದಾಖಲೆ ಮಾತ್ರ ತೀರಾ ತೆಳು.

ಅದನ್ನು ತುಂಬಿಸಲು ವಯಸ್ಕ ಹುಳು ಬೇಕು, ಅದು ಸಿಗುವುದು ಮರಣೋತ್ತರ ಪರೀಕ್ಷೆಯಲ್ಲಿ ಮಾತ್ರ. ಕಾಡುಪ್ರಾಣಿಯ ಪೋಸ್ಟ್‌ಮಾರ್ಟಮ್ ಮಾಡುವ ಪಶುವೈದ್ಯರಲ್ಲಿ ನನ್ನ ಕೋರಿಕೆ ಇದು. ಹುಳು ಕಂಡರೆ ಫಾರ್ಮಲಿನ್‌ಗೆ ಹಾಕಬೇಡಿ. ಫಾರ್ಮಲಿನ್ ಆಕಾರ ಚೆನ್ನಾಗಿ ಉಳಿಸುತ್ತದೆ, ಡಿಎನ್‌ಎಯನ್ನು ಓದಲಾಗದಂತೆ ಕಟ್ಟಿಹಾಕುತ್ತದೆ. ಉಪ್ಪುನೀರಿನಲ್ಲಿ ತೊಳೆದು ಎಥೆನಾಲ್‌ಗೆ ಹಾಕಿ, 70 ಶೇಕಡಾ ಇದ್ದರೂ ಸಾಕು, 95 ಇದ್ದರೆ ಇನ್ನೂ ಒಳ್ಳೆಯದು. ಗಂಡುಹುಳು ಇದ್ದರೆ ಬಿಡಬೇಡಿ, ಜಾತಿಯ ಗುರುತು ಅದರ ಬಾಲದ ಸ್ಪಿಕ್ಯೂಲ್ ಮುಳ್ಳುಗಳಲ್ಲಿರುತ್ತದೆ. ಲ್ಯಾಬಿಗೆ ಬಂದ ಮೇಲೆ ಹುಳುವಿನ ನಡುವಿನ ತುಂಡು ಮಾತ್ರ ಡಿಎನ್‌ಎಗೆ, ತಲೆ ಮತ್ತು ಬಾಲ ಲ್ಯಾಕ್ಟೊಫಿನಾಲಿನಲ್ಲಿ ತಿಳಿಯಾಗಿಸಿ ಸ್ಲೈಡಿಗೆ. ಹೀಗೆ ಮಾಡಿದರೆ ಆಕಾರವೂ ಅಕ್ಷರವೂ ಒಂದೇ ಹುಳುವಿನದ್ದು ಎಂದು ದಾಖಲೆ ಉಳಿಯುತ್ತದೆ. ಪೆನ್ಸಿಲ್ಲಿನಲ್ಲಿ ಬರೆದ ಚೀಟಿಯನ್ನು ಟ್ಯೂಬಿನ ಒಳಗೇ ಹಾಕಿ: ಯಾವ ಪ್ರಾಣಿ, ಯಾವ ವಲಯ, ತಾರೀಕು, ಕರುಳಿನ ಯಾವ ಭಾಗ. ಮಾರ್ಕರಿನಲ್ಲಿ ಹೊರಗೆ ಬರೆದರೆ ಎಥೆನಾಲ್ ಒಂದು ಹನಿ ತಾಗಿದರೂ ಅಳಿಸಿಹೋಗುತ್ತದೆ.